ಗುಂಡಿ ಒತ್ತುವ ಮೊದಲು ಊಹೆ ಬರೆಸಿ: ಗಣಿತ, ವಿಜ್ಞಾನದ ತರಗತಿಯಲ್ಲಿ ಸಿಮ್ಯುಲೇಶನ್

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಎರಡನ್ನೂ ಕಲಿಸುತ್ತೇನೆ. ಒಂದು ವರ್ಷದಿಂದ ಫೆಟ್ ಸಿಮ್ಯುಲೇಶನ್‌ಗಳನ್ನೂ (ಕಂಪ್ಯೂಟರ್ ಪರದೆಯ ಮೇಲೆ ಮಾಡುವ ಅಣಕು ಪ್ರಯೋಗಗಳು) ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶವನ್ನೂ ಪ್ರೊಜೆಕ್ಟರ್‌ನಲ್ಲಿ ತೋರಿಸುತ್ತಿದ್ದೇನೆ. ಮಕ್ಕಳು ಖುಷಿಯಿಂದ ನೋಡುತ್ತಾರೆ, ಆದರೆ ಪರೀಕ್ಷೆಯಲ್ಲಿ ಅದೇ ಹಳೆಯ ತಪ್ಪುಗಳು. ಬಲ್ಬಿನಲ್ಲಿ ಕರೆಂಟ್ ಖರ್ಚಾಗುತ್ತದೆ ಎಂದೇ ಬರೆಯುತ್ತಾರೆ. ನಾನು ತಪ್ಪುತ್ತಿರುವುದು ಎಲ್ಲಿ? ನಿಜವಾದ ಪ್ರಯೋಗಗಳ ಬದಲು ಇದನ್ನೇ ಬಳಸಬಹುದೇ? ಇರುವುದು ಒಂದೇ ಲ್ಯಾಪ್‌ಟಾಪ್, ಇಂಟರ್ನೆಟ್ಟನ್ನೂ ನೆಚ್ಚಿಕೊಳ್ಳುವಂತಿಲ್ಲ.

ಉತ್ತರ: ನೀವು ಬಳಸಿರುವ ಎರಡು ಪದಗಳಲ್ಲೇ ಕಾರಣ ಸಿಗುತ್ತದೆ. ನೀವು ‘ತೋರಿಸುತ್ತೀರಿ’, ಮಕ್ಕಳು ‘ನೋಡುತ್ತಾರೆ’. ಬರೀ ನೋಡುವ ವಿದ್ಯಾರ್ಥಿಗೆ ಸಿಮ್ಯುಲೇಶನ್ ಕೂಡ ಒಂದು ವಿಡಿಯೊ ಅಷ್ಟೇ. ಬಲ್ಬಿನಲ್ಲಿ ಕರೆಂಟ್ ಕರಗಿಹೋಗುತ್ತದೆ ಎಂದು ನಂಬಿರುವ ಹುಡುಗಿಗೆ ಪರದೆಯ ಮೇಲೆ ಇಲೆಕ್ಟ್ರಾನ್‌ಗಳನ್ನು ಸೂಚಿಸುವ ನೀಲಿ ಚುಕ್ಕೆಗಳು ಸುತ್ತುವುದು ಚೆನ್ನಾಗಿಯೇ ಕಾಣುತ್ತದೆ. ಆದರೆ ತನ್ನ ನಂಬಿಕೆಗೂ ಆ ಚುಕ್ಕೆಗಳಿಗೂ ಜಗಳವಿದೆ ಎಂಬುದು ಅವಳಿಗೆ ಹೊಳೆಯುವುದಿಲ್ಲ. ಆ ಜಗಳ ಹೊಳೆಯಬೇಕಾದರೆ ಅವಳು ಮೊದಲೇ ತನ್ನ ಉತ್ತರವನ್ನು ಹೇಳಿ ಸಿಕ್ಕಿಕೊಂಡಿರಬೇಕು.

ಆದ್ದರಿಂದ ಒಂದು ಅಭ್ಯಾಸವನ್ನು ಇಂದೇ ಶುರು ಮಾಡಿ. ಪರದೆಯ ಮೇಲೆ ಏನನ್ನೇ ಬದಲಿಸುವ ಮೊದಲು, ‘ಏನಾಗುತ್ತದೆ, ಯಾಕೆ’ ಎಂದು ಪ್ರತಿಯೊಬ್ಬರೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆಯಬೇಕು. ಬಾಯಲ್ಲಿ ಹೇಳಿಸಿದರೆ ಸಾಲದು. ಮುಂದಿನ ಬೆಂಚಿನ ಇಬ್ಬರು ಹೇಳುತ್ತಾರೆ, ಉತ್ತರ ಬಂದ ಮೇಲೆ ಉಳಿದವರೆಲ್ಲ ‘ನಾನೂ ಅದನ್ನೇ ಅಂದುಕೊಂಡಿದ್ದೆ’ ಎಂದುಕೊಳ್ಳುತ್ತಾರೆ. ಪೆನ್ನಿನಲ್ಲಿ ಬರೆದ ತಪ್ಪು ಊಹೆಯನ್ನು ಅಳಿಸಲು ಬರುವುದಿಲ್ಲ. ಅದನ್ನು ಅಳಿಸಲು ಬಿಡಲೂಬೇಡಿ. ಪಕ್ಕದಲ್ಲೇ ‘ಆಗಿದ್ದು ಇದು’ ಎಂದು ಬರೆಸಿ, ‘ಎಲ್ಲಿ ಎಡವಿದೆ’ ಎಂಬ ಮೂರನೇ ಸಾಲು ಸೇರಿಸಿ. ಕಲಿಕೆ ನಡೆಯುವುದು ಆ ಮೂರನೇ ಸಾಲಿನಲ್ಲಿ. ತಪ್ಪು ಊಹೆಗೆ ಅಂಕ ಕಳೆಯುವುದಿಲ್ಲ ಎಂದು ಮೊದಲ ದಿನವೇ ಹೇಳಿಬಿಡಿ, ಇಲ್ಲದಿದ್ದರೆ ಎಲ್ಲರೂ ಪಕ್ಕದವರದನ್ನು ನೋಡಿ ಬರೆಯುತ್ತಾರೆ.

ಬಲ್ಬು ಮತ್ತು ಕರೆಂಟ್: ಒಂದು ಪೂರ್ತಿ ಪಾಠ

ನೀವು ಹೇಳಿದ ತಪ್ಪನ್ನೇ ತೆಗೆದುಕೊಳ್ಳೋಣ. ಫೆಟ್‌ನ ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ’ ತೆರೆದು ಲ್ಯಾಬ್ ಪರದೆಗೆ ಹೋಗಿ. ಅಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್ ಎಂದು ಮೊದಲೇ ಇರುತ್ತದೆ. ಒಂದು ಬ್ಯಾಟರಿ, ಒಂದು ಸ್ವಿಚ್, ಒಂದು ಬಲ್ಬ್ ಜೋಡಿಸಿ, ಬಲ್ಬಿನ ಎರಡೂ ಕಡೆ ಒಂದೊಂದು ಅಮ್ಮೀಟರ್ ಇಡಿ. ಸ್ವಿಚ್ ಇನ್ನೂ ತೆರೆದೇ ಇರಲಿ.

ಈಗ ಪ್ರಶ್ನೆ: ಎರಡು ಅಮ್ಮೀಟರ್‌ಗಳಲ್ಲಿ ಯಾವುದು ಹೆಚ್ಚು ತೋರಿಸುತ್ತದೆ? ಒಂದನೆಯದೇ, ಎರಡನೆಯದೇ, ಎರಡೂ ಸಮವೇ? ಬರೆಸಿ, ಕೈ ಎತ್ತಿಸಿ, ಎಣಿಕೆಯನ್ನು ಬೋರ್ಡಿನ ಮೇಲೆ ಹಾಕಿ. ಆಮೇಲೆ ಸ್ವಿಚ್ ಹಾಕಿ. ಎರಡರಲ್ಲೂ 0.90 ಆಂಪಿಯರ್. ಇಲ್ಲಿ ಮಾತಾಡಲು ಅವಸರ ಮಾಡಬೇಡಿ. ಅರ್ಧ ನಿಮಿಷ ಸುಮ್ಮನಿದ್ದರೆ ‘ಹಾಗಾದರೆ ಬೆಳಕು ಎಲ್ಲಿಂದ ಬಂತು?’ ಎಂದು ಮಕ್ಕಳೇ ಕೇಳುತ್ತಾರೆ. ನಿಮಗೆ ಬೇಕಾಗಿದ್ದ ಪ್ರಶ್ನೆ ಅದೇ. ಈಗ ವೋಲ್ಟ್‌ಮೀಟರ್ ತೆಗೆದು ಬಲ್ಬಿನ ಎರಡು ತುದಿಗೆ ಹಿಡಿದರೆ 9 ವೋಲ್ಟ್. ಹರಿದುಹೋದ ವಿದ್ಯುದಾವೇಶದಲ್ಲಿ ಒಂದು ಕಣವೂ ಕಳೆದಿಲ್ಲ, ಅದು ಹೊತ್ತುತಂದ ಶಕ್ತಿ ಮಾತ್ರ ಬಲ್ಬಿನಲ್ಲಿ ಇಳಿದಿದೆ ಎಂಬ ಮಾತಿಗೆ ಈಗ ಕೂರಲು ಜಾಗ ಸಿಕ್ಕಿತು.

ಮುಂದೆ ಎರಡನೇ ಬಲ್ಬನ್ನು ಸರಣಿಯಲ್ಲಿ ಸೇರಿಸಿ. ‘ಬ್ಯಾಟರಿಯ ಹತ್ತಿರದ ಬಲ್ಬು ಹೆಚ್ಚು ಉರಿಯುತ್ತದೆ’ ಎಂಬ ಊಹೆ ಕೆಲವರದಾದರೂ ಇದ್ದೇ ಇರುತ್ತದೆ. ಎರಡೂ ಒಂದೇ ಸಮ ಮಂಕಾಗುತ್ತವೆ, ಪ್ರವಾಹ 0.45 ಆಂಪಿಯರ್‌ಗೆ ಇಳಿಯುತ್ತದೆ. ಮೂರನೆಯದು ಸೇರಿದರೆ 0.30. ಆಮೇಲೆ ಸರಣಿ ಬಿಚ್ಚಿ ಎರಡು ಬಲ್ಬನ್ನು ಸಮಾಂತರವಾಗಿ ಜೋಡಿಸಿ ಕೇಳಿ: ಮೊದಲ ಬಲ್ಬು ಮಂಕಾಗುತ್ತದೆಯೇ? ಬ್ಯಾಟರಿ ಯಾವಾಗಲೂ ಒಂದೇ ಪ್ರಮಾಣದ ಕರೆಂಟ್ ಕೊಡುತ್ತದೆ ಎಂದು ನಂಬಿರುವವರು ‘ಹೌದು, ಹಂಚಿಕೊಳ್ಳಬೇಕಲ್ಲ’ ಎನ್ನುತ್ತಾರೆ. ಪರದೆಯಲ್ಲಿ ಮೊದಲ ಬಲ್ಬು ಒಂಚೂರೂ ಅಲುಗುವುದಿಲ್ಲ; ಪ್ರತಿಯೊಂದರಲ್ಲೂ 0.90, ಬ್ಯಾಟರಿಯಿಂದ ಹೊರಡುವುದು 1.80.

ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಇದೇ ವಿದ್ಯುತ್ ಮಂಡಲದಲ್ಲಿದೆ. ಇದನ್ನೇ ಮೇಜಿನ ಮೇಲೆ ಶುಷ್ಕಕೋಶ, ಚಿಕ್ಕ ಬಲ್ಬುಗಳಿಂದ ಮಾಡಿದರೆ, ಎರಡನೇ ಬಲ್ಬು ಸೇರಿಸಿದ ಕ್ಷಣ ಮೊದಲನೆಯದು ಸ್ವಲ್ಪ ಮಂಕಾಗುವುದು ಬರಿಗಣ್ಣಿಗೇ ಕಾಣಬಹುದು. ಹಾಗಾದರೆ ಸಿಮ್ಯುಲೇಶನ್ ಸುಳ್ಳು ಹೇಳಿತೇ? ಇಲ್ಲ, ಅದು ಬ್ಯಾಟರಿಯ ಆಂತರಿಕ ರೋಧವನ್ನು ಸೊನ್ನೆ ಎಂದು ಹಿಡಿದಿತ್ತು. ಅಡ್ವಾನ್ಸ್‌ಡ್ ಎಂಬಲ್ಲಿ ಬ್ಯಾಟರಿಯ ರೋಧದ ಸ್ಲೈಡರನ್ನು 2 ಓಮ್‌ಗೆ ಎಳೆಯಿರಿ. ಈಗ ಒಂದೇ ಬಲ್ಬಿದ್ದಾಗ 9 ಭಾಗಿಸು 12, ಅಂದರೆ 0.75 ಆಂಪಿಯರ್. ಎರಡು ಸಮಾಂತರ ಬಲ್ಬುಗಳ ಒಟ್ಟು ರೋಧ 5 ಓಮ್, ಅದಕ್ಕೆ ಒಳಗಿನ 2 ಸೇರಿದರೆ 7. ಒಟ್ಟು ಪ್ರವಾಹ 1.29, ಒಂದೊಂದು ಬಲ್ಬಿಗೆ 0.64. ಬಲ್ಬಿನ ಶಕ್ತಿವ್ಯಯ ಸುಮಾರು 5.6 ವ್ಯಾಟ್‌ನಿಂದ 4.1 ವ್ಯಾಟ್‌ಗೆ ಇಳಿಯಿತು. ಮೇಜಿನ ಮೇಲೆ ಕಂಡ ಮಂಕು ಈಗ ಪರದೆಯಲ್ಲೂ ಕಂಡಿತು, ಅದರ ಕಾರಣವೂ ಕೈಗೆ ಸಿಕ್ಕಿತು. ಈ ಒಂದು ಹೋಲಿಕೆಗೆ ಇಡೀ ಒಂದು ಪಿರಿಯಡ್ ಕೊಟ್ಟರೂ ದಂಡವಾಗುವುದಿಲ್ಲ.

ಇನ್ನೊಂದು ಎಚ್ಚರಿಕೆ. ಸಿಮ್ಯುಲೇಶನ್ನಿನ ಸಾಮಾನ್ಯ ಬಲ್ಬಿಗೆ 10 ಓಮ್ ಅಂದರೆ ಯಾವಾಗಲೂ 10 ಓಮ್. ನಿಜವಾದ ತಂತು ಬಲ್ಬು ಹಾಗಲ್ಲ. ತಣ್ಣಗಿರುವಾಗ ಅದರ ರೋಧ ಉರಿಯುವಾಗಿನದಕ್ಕಿಂತ ಎಷ್ಟೋ ಪಾಲು ಕಡಿಮೆ. ಮಲ್ಟಿಮೀಟರ್‌ನಲ್ಲಿ ತಣ್ಣನೆಯ ಬಲ್ಬಿನ ರೋಧ ಅಳೆದು, ಓಮ್‌ನ ನಿಯಮದಿಂದ ಪ್ರವಾಹ ಲೆಕ್ಕ ಹಾಕಿ, ಆಮೇಲೆ ಅಮ್ಮೀಟರ್‌ನಲ್ಲಿ ಬೇರೆಯೇ ಸಂಖ್ಯೆ ಕಂಡು ತಬ್ಬಿಬ್ಬಾಗುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿರಬೇಕು. ಹಾಗೆಯೇ ಆ ನೀಲಿ ಚುಕ್ಕೆಗಳ ವೇಗ. ಒಂದು ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ 1 ಆಂಪಿಯರ್ ಹರಿಯುವಾಗ ಇಲೆಕ್ಟ್ರಾನ್‌ಗಳು ಸರಿಯುವುದು ಸೆಕೆಂಡಿಗೆ ಸುಮಾರು 0.07 ಮಿಲಿಮೀಟರ್ ಮಾತ್ರ. ಪರದೆಯ ವೇಗ ನಮ್ಮ ಕಣ್ಣಿಗೆ ಕಾಣಲೆಂದು ಹೆಚ್ಚಿಸಿದ್ದು. ಮಕ್ಕಳು ಗಮನಿಸಬೇಕಾದ್ದು ಬೇರೆ: ಸ್ವಿಚ್ ಹಾಕಿದ ಕೂಡಲೇ ಎಲ್ಲ ಚುಕ್ಕೆಗಳೂ ಒಟ್ಟಿಗೆ ಹೊರಡುತ್ತವೆ, ಬ್ಯಾಟರಿಯಿಂದ ಒಂದೊಂದಾಗಿ ಬಂದು ಬಲ್ಬನ್ನು ತಲುಪುವುದಿಲ್ಲ.

ಪ್ರಯೋಗದ ಬದಲು ಬಳಸಬಹುದೇ?

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ಫೆಟ್ ಯೋಜನೆ ಶುರುವಾದದ್ದು 2002ರಲ್ಲಿ, ಅಮೆರಿಕದ ಕೊಲೊರಾಡೋ ವಿಶ್ವವಿದ್ಯಾಲಯದ ಬೌಲ್ಡರ್ ಆವರಣದಲ್ಲಿ; ಶುರು ಮಾಡಿದವರು 2001ರ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್. ಅಲ್ಲಿನ ಕಾಲೇಜು ತರಗತಿಯಲ್ಲಿ ಒಂದು ಗುಂಪಿಗೆ ನಿಜವಾದ ಉಪಕರಣ, ಇನ್ನೊಂದಕ್ಕೆ ಇದೇ ಸರ್ಕ್ಯೂಟ್ ಸಿಮ್ಯುಲೇಶನ್ ಕೊಟ್ಟು ಹೋಲಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಸಿಮ್ಯುಲೇಶನ್ ಬಳಸಿದವರು ಪರಿಕಲ್ಪನೆಯ ಪ್ರಶ್ನೆಗಳಲ್ಲೂ, ಆಮೇಲೆ ಕೈಗೆ ನಿಜವಾದ ತಂತಿ, ಬಲ್ಬು ಕೊಟ್ಟಾಗ ಮಂಡಲ ಕಟ್ಟಿ ವಿವರಿಸುವುದರಲ್ಲೂ ಮುಂದಿದ್ದರು. ಸಡಿಲ ತಂತಿ, ಸತ್ತ ಬ್ಯಾಟರಿಗಳ ನಡುವೆ ಸಿಕ್ಕಿಕೊಳ್ಳದೆ ಅವರ ಗಮನ ವಿಷಯದ ಮೇಲೆಯೇ ನಿಂತಿತ್ತು ಎಂದು ನಾನು ಅರ್ಥ ಮಾಡಿಕೊಳ್ಳುತ್ತೇನೆ.

ಆದರೂ ಪ್ರಯೋಗವನ್ನು ಪೂರ್ತಿ ಕೈಬಿಡಲು ನಾನು ಒಪ್ಪುವುದಿಲ್ಲ. ಪರಿಕಲ್ಪನೆಗೆ ಸಿಮ್ಯುಲೇಶನ್ ಸಾಕಾದೀತು, ಅಳತೆ ಮಾಡುವ ಕೌಶಲಕ್ಕೆ ಸಾಲದು. ಲೋಲಕದ ಉದಾಹರಣೆ ನೋಡಿ.

ಫೆಟ್‌ನ ‘ಪೆಂಡುಲಮ್ ಲ್ಯಾಬ್’ನಲ್ಲಿ ಘರ್ಷಣೆಯನ್ನು ಸೊನ್ನೆಗೆ ಇಟ್ಟು, ಉದ್ದ 1.00 ಮೀಟರ್ ಮಾಡಿ, 10 ಡಿಗ್ರಿಯಿಂದ ಬಿಟ್ಟರೆ ದೋಲನ ಕಾಲ ಸುಮಾರು 2.01 ಸೆಕೆಂಡ್. ಗುಂಡಿನ ದ್ರವ್ಯರಾಶಿ ಅರ್ಧ ಮಾಡಿದರೆ? ಹೆಚ್ಚಿನವರು ಬದಲಾಗುತ್ತದೆ ಎನ್ನುತ್ತಾರೆ, ಆಗುವುದಿಲ್ಲ. ಉದ್ದ ಅರ್ಧ ಮಾಡಿದರೆ? ‘ಕಾಲವೂ ಅರ್ಧ’ ಎಂಬ ಊಹೆ ಬರುತ್ತದೆ, ಆದರೆ ಸಿಗುವುದು 1.42. ಕಾಲ ಅರ್ಧವಾಗಲು ಉದ್ದವನ್ನು ಎಷ್ಟಕ್ಕೆ ಇಡಬೇಕು ಎಂದು ಅವರೇ ಹುಡುಕಲಿ, 0.25 ಮೀಟರ್‌ಗೆ ಬಂದು ನಿಲ್ಲುತ್ತಾರೆ, ವರ್ಗಮೂಲದ ಸಂಬಂಧ ಸೂತ್ರ ಕೊಡುವ ಮೊದಲೇ ಹೊಳೆಯುತ್ತದೆ. ಆಮೇಲೆ ಕೋನವನ್ನು 60 ಡಿಗ್ರಿಗೆ ಎಳೆದರೆ ಕಾಲ ಸುಮಾರು 7 ಶೇಕಡಾ ಹೆಚ್ಚಿ 2.15 ಆಗುತ್ತದೆ. ಪಠ್ಯದಲ್ಲಿ ‘ಸಣ್ಣ ಕೋನಗಳಿಗೆ’ ಎಂದು ಬರೆದಿರುವುದು ಯಾಕೆ ಎಂದು ಇದಕ್ಕಿಂತ ಚೆನ್ನಾಗಿ ತಿಳಿಸುವ ದಾರಿ ನನಗೆ ಗೊತ್ತಿಲ್ಲ.

ಇಷ್ಟೆಲ್ಲ ಚೆನ್ನಾಗಿದ್ದರೂ ಈ ಲೋಲಕ ಎರಡು ವಿಷಯಗಳನ್ನು ಮುಚ್ಚಿಡುತ್ತದೆ. ದಾರದ ಉದ್ದವನ್ನು ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ, ಸ್ಲೈಡರ್ ಅದನ್ನು ತೀರ್ಮಾನಿಸಿಬಿಟ್ಟಿದೆ. ನಿಜವಾದ ದಾರ, ಗುಂಡು ಕೊಟ್ಟಾಗ ಮಕ್ಕಳು ಗಂಟಿನವರೆಗೆ ಅಳೆದು ಬಿಡುತ್ತಾರೆ, ಗುಂಡಿನ ಮಧ್ಯದವರೆಗೆ ಅಳೆಯುವುದಿಲ್ಲ. ಎರಡನೆಯದು ಸಮಯ. ತಾನೇ ದೋಲನ ಕಾಲ ಹೇಳಿಬಿಡುವ ಟೈಮರ್ ಅಲ್ಲಿದೆ. ಅದನ್ನು ಬಳಸಿದರೆ ಅಳತೆಯ ದೋಷವೆಂದರೇನು ಎಂಬುದೇ ಮಕ್ಕಳಿಗೆ ತಿಳಿಯದೆ ಹೋಗುತ್ತದೆ. ಮೊದಲು ಸ್ಟಾಪ್‌ವಾಚ್ ಮಾತ್ರ ಕೊಡಿ. ಒಂದು ದೋಲನ ಅಳೆದಾಗ ಐದು ಜನರಿಗೆ ಐದು ಉತ್ತರ ಬರಲಿ, ಆಮೇಲೆ ಹತ್ತು ದೋಲನ ಅಳೆದು ಹತ್ತರಿಂದ ಭಾಗಿಸಲಿ. ಹಾಂ, ಸಿಮ್ಯುಲೇಶನ್ ಒಳಗಿನ ಸ್ಟಾಪ್‌ವಾಚನ್ನೇ ಬಳಸಬೇಕು. ಹಳೆಯ, ನಿಧಾನದ ಕಂಪ್ಯೂಟರಿನಲ್ಲಿ ಪರದೆಯ ಲೋಲಕವೂ ನಿಧಾನವಾಗಬಹುದು. ಆಗ ಮೊಬೈಲಿನ ಗಡಿಯಾರದಲ್ಲಿ ಅಳೆದರೆ ಲೆಕ್ಕ ಕೂಡುವುದಿಲ್ಲ, ಒಳಗಿನ ಗಡಿಯಾರ ಮಾತ್ರ ಲೋಲಕದ ಜೊತೆಗೇ ನಿಧಾನವಾಗುತ್ತದೆ.

ಹಾಗಾಗಿ ಕ್ರಮ ಹೀಗಿರಲಿ: ಮೊದಲು ಸಿಮ್ಯುಲೇಶನ್ನಿನಲ್ಲಿ ಸಂಬಂಧ ಕಂಡುಕೊಳ್ಳಲಿ, ಆಮೇಲೆ ಒಂದೇ ಒಂದು ನಿಜವಾದ ಪ್ರಯೋಗದಲ್ಲಿ ಅದು ನಿಲ್ಲುತ್ತದೆಯೇ ನೋಡಲಿ, ಎರಡರ ನಡುವಿನ ವ್ಯತ್ಯಾಸಕ್ಕೆ ಕಾರಣ ಬರೆಯಲಿ. ಅಣುಗಳ ಚಲನೆ, ಗ್ರಹಗಳ ಕಕ್ಷೆಯಂಥ ಕಣ್ಣಿಗೆ ಕಾಣದ, ಕೈಗೆ ಎಟುಕದ ವಿಷಯಗಳಲ್ಲಿ ಸಿಮ್ಯುಲೇಶನ್ನೇ ಪಾಠದ ನಡುವೆ ನಿಲ್ಲುತ್ತದೆ. ಅಲ್ಲಿ ಗಾತ್ರ, ಬಣ್ಣ, ದೂರ ಯಾವುದೂ ನಿಜದ ಪ್ರಮಾಣದಲ್ಲಿಲ್ಲ ಎಂದು ಮೊದಲೇ ಹೇಳಿದರೆ ಸಾಕು.

ಗಣಿತದಲ್ಲಿ: ಎಳೆದು ನೋಡಿ, ಆಮೇಲೆ ಸಾಧಿಸಿ

ಜಿಯೋಜೀಬ್ರಾವನ್ನು 2001ರಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಆಸ್ಟ್ರಿಯದ ಸಾಲ್ಜ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಶುರು ಮಾಡಿದರು. ಅದರ ದೊಡ್ಡ ಗುಣ, ಬೀಜಗಣಿತದ ಸಾಲೂ ಚಿತ್ರವೂ ಒಟ್ಟಿಗೇ ಅಲುಗುವುದು. ಈ ಗುಣವನ್ನು ಬಳಸಿಕೊಳ್ಳಲು ಒಂದು ಪ್ರಶ್ನೆಯನ್ನು ನಾನು ಬಹಳ ಇಷ್ಟಪಡುತ್ತೇನೆ.

ವೈ = ಎ ಎಕ್ಸ್² + ಬಿ ಎಕ್ಸ್ + ಸಿ ಎಂದು ಟೈಪ್ ಮಾಡಿ. ಎ, ಬಿ, ಸಿ ಮೂರಕ್ಕೂ ಸ್ಲೈಡರ್ ಸಿದ್ಧವಾಗುತ್ತದೆ. ಅಕ್ಷರಗಳ ನಡುವೆ ಒಂದು ಖಾಲಿ ಜಾಗವನ್ನೋ ಗುಣಾಕಾರ ಚಿಹ್ನೆಯನ್ನೋ ಇಡಿ, ಇಲ್ಲದಿದ್ದರೆ ಎರಡಕ್ಷರ ಸೇರಿ ಒಂದೇ ಹೆಸರು ಎಂದು ತಂತ್ರಾಂಶ ಓದಿಕೊಳ್ಳಬಹುದು. ಎ = 1, ಸಿ = 2 ಇರಲಿ. ಎ ಬದಲಿಸಿದರೆ ಪರವಲಯ ಅಗಲ, ಕಿರಿದಾಗುತ್ತದೆ, ಸಿ ಬದಲಿಸಿದರೆ ಮೇಲೆ ಕೆಳಗೆ ಹೋಗುತ್ತದೆ. ಇವೆರಡನ್ನೂ ಮಕ್ಕಳು ಬೇಗ ಊಹಿಸುತ್ತಾರೆ. ಬಿ ಬದಲಿಸಿದರೆ? ‘ಅಡ್ಡಡ್ಡ ಸರಿಯುತ್ತದೆ’ ಎಂದು ಬರೆಯುತ್ತಾರೆ. ಈಗ ಶೃಂಗಬಿಂದುವನ್ನು ಗುರುತಿಸಿ, ಅದರ ಮೇಲೆ ಬಲಗುಂಡಿ ಒತ್ತಿ ಜಾಡು ತೋರಿಸುವ ಆಯ್ಕೆ ಹಾಕಿ, ಬಿ ಸ್ಲೈಡರನ್ನು ನಿಧಾನವಾಗಿ ಎಳೆಯಿರಿ. ಬಿ = 2 ಆದಾಗ ಶೃಂಗ (−1, 1)ರಲ್ಲಿ, 4 ಆದಾಗ (−2, −2)ರಲ್ಲಿ, −2 ಆದಾಗ (1, 1)ರಲ್ಲಿ. ಜಾಡು ಬಿಟ್ಟುಹೋದ ಚುಕ್ಕೆಗಳು ಇನ್ನೊಂದು ಪರವಲಯವನ್ನು ಬರೆಯುತ್ತವೆ, ಅದೂ ತಲೆಕೆಳಗಾಗಿ!

ಇಲ್ಲಿಗೆ ಲ್ಯಾಪ್‌ಟಾಪಿನ ಕೆಲಸ ಮುಗಿಯಿತು, ಪ್ರೊಜೆಕ್ಟರ್ ಆರಿಸಿ. ಮುಂದಿನದು ಕಾಗದದ ಕೆಲಸ. ಶೃಂಗದಲ್ಲಿ ಎಕ್ಸ್‌ನ ಬೆಲೆ −ಬಿ/(2ಎ), ಆದ್ದರಿಂದ ಬಿ = −2ಎ ಎಕ್ಸ್. ಇದನ್ನು ಮೂಲ ಸಮೀಕರಣದಲ್ಲಿ ಹಾಕಿದರೆ ವೈ = ಸಿ − ಎ ಎಕ್ಸ್². ಎರಡೇ ಸಾಲು. ಪರದೆಯ ಮೇಲೆ ಕಂಡದ್ದು ಹಾಗೇ ಇರಲೇಬೇಕಿತ್ತು ಎಂದು ತಿಳಿಯುವ ಸಂತೋಷವನ್ನು ಮಕ್ಕಳಿಂದ ಕಿತ್ತುಕೊಳ್ಳಬೇಡಿ. ಈ ಎರಡು ಸಾಲನ್ನು ನೀವು ಬೋರ್ಡಿನ ಮೇಲೆ ಬರೆಯಬೇಡಿ, ಅವರೇ ಬರೆಯಲಿ. ಎ ಸ್ಲೈಡರ್ ಸೊನ್ನೆಯನ್ನು ದಾಟುವಾಗ ಶೃಂಗ ಮಾಯವಾಗುವುದನ್ನೂ ಯಾರಾದರೂ ಗಮನಿಸುತ್ತಾರೆ. ಅದನ್ನು ದೋಷವೆಂದು ತಳ್ಳಿಹಾಕದೆ ‘ಯಾಕೆ ಮಾಯವಾಯಿತು’ ಎಂದು ಕೇಳಿ.

ರೇಖಾಗಣಿತದಲ್ಲಿ ಒಂದೇ ನಿಯಮ ಸಾಕು: ರಚಿಸಿದ ಆಕೃತಿಯ ಯಾವ ಶೃಂಗವನ್ನು ಹಿಡಿದು ಎಳೆದರೂ ಅದು ಕೆಡಬಾರದು. ಕಣ್ಣಂದಾಜಿನಲ್ಲಿ ನಾಲ್ಕು ಬಿಂದು ಇಟ್ಟು ಮಾಡಿದ ಚೌಕ ಎಳೆದೊಡನೆ ವಕ್ರವಾಗುತ್ತದೆ. ಲಂಬ ಎಳೆದು, ವೃತ್ತದಿಂದ ಸಮ ಉದ್ದ ಕತ್ತರಿಸಿ ಕಟ್ಟಿದ್ದು ಚೌಕವಾಗಿಯೇ ಉಳಿಯುತ್ತದೆ. ಒಂದು ಸಣ್ಣ ತೊಡಕು ಮಾತ್ರ ಬರುತ್ತದೆ. ತ್ರಿಭುಜದ ಮೂರು ಕೋನಗಳನ್ನು ಕೂಡಿಸಿದಾಗ ಒಮ್ಮೊಮ್ಮೆ 180.01 ಬರುತ್ತದೆ, ಯಾಕೆಂದರೆ ಪ್ರತಿ ಕೋನವನ್ನೂ ಎರಡು ದಶಮಾಂಶಕ್ಕೆ ಅಂದಾಜಿಸಿ ತೋರಿಸಲಾಗುತ್ತದೆ. ದಶಮಾಂಶ ಸ್ಥಾನ ಹೆಚ್ಚಿಸಿ ತೋರಿಸಿದರೆ ವ್ಯತ್ಯಾಸ ಇನ್ನೂ ಚಿಕ್ಕದಾಗುತ್ತಾ ಹೋಗುವುದು ಕಾಣುತ್ತದೆ.

ಒಂದೇ ಲ್ಯಾಪ್‌ಟಾಪ್ ಇದ್ದಾಗ

ಮೌಸ್ ನಿಮ್ಮ ಕೈಯಲ್ಲಿರಬಾರದು. ಒಬ್ಬ ವಿದ್ಯಾರ್ಥಿಯನ್ನು ಕೂರಿಸಿ, ತರಗತಿ ಹೇಳಿದ್ದನ್ನು ಮಾತ್ರ ಅವನು ಮಾಡಬೇಕು, ತನ್ನ ಬುದ್ಧಿ ಉಪಯೋಗಿಸಬಾರದು ಎಂದು ಹೇಳಿ. ‘ಆ ತಂತಿ ಅಲ್ಲಿಗೆ ಹಾಕು’ ಎಂದರೆ ಅವನಿಗೆ ತಿಳಿಯುವುದಿಲ್ಲ. ‘ಬ್ಯಾಟರಿಯ ಧನ ತುದಿಯಿಂದ ಎರಡನೇ ಬಲ್ಬಿಗೆ’ ಎಂದು ಹೇಳಬೇಕಾಗುತ್ತದೆ. ವಿಷಯದ ಭಾಷೆ ಹೀಗೆ ಬಾಯಿಗೆ ಬರುತ್ತದೆ. ಪ್ರತಿ ಪ್ರಶ್ನೆಗೂ ಮೌಸ್ ಹಿಡಿಯುವವರು ಬದಲಾಗಲಿ. ಮೂರು ಆಯ್ಕೆಗಳ ಪ್ರಶ್ನೆಯಾದರೆ ಎಲ್ಲರೂ ಒಟ್ಟಿಗೆ, ಎದೆಯ ಹತ್ತಿರ ಒಂದು, ಎರಡು, ಮೂರು ಬೆರಳು ತೋರಿಸಲಿ. ಪಕ್ಕದವರಿಗೆ ಕಾಣುವುದಿಲ್ಲ, ನಿಮಗೆ ಕಾಣುತ್ತದೆ.

ಹೊಸ ಸಿಮ್ಯುಲೇಶನ್ ತೆರೆದ ಮೊದಲ ಐದು ನಿಮಿಷ ಯಾವ ಸೂಚನೆಯನ್ನೂ ಕೊಡದೆ ಆಡಲು ಬಿಡಿ, ಏನೇನು ಬದಲಿಸಲು ಬರುತ್ತದೆ ಎಂದು ಪಟ್ಟಿ ಮಾಡಲಿ. ಪರದೆಯ ಬ್ಯಾಟರಿಗೆ ಬೆಂಕಿ ಹಚ್ಚುವ ಆಸೆ ಆಗಲೇ ತೀರಿಬಿಡಲಿ. ಆಮೇಲೆ ಕೊಡುವ ಪ್ರಶ್ನೆ ಮುಖ್ಯ. ‘ಉದ್ದ 0.5ಕ್ಕೆ ಇಡಿ, ಕಾಲ ಬರೆಯಿರಿ’ ಎಂಬ ಹಾಳೆ ತುಂಬಲು ತಲೆ ಬೇಕಾಗಿಲ್ಲ. ‘ದೋಲನ ಕಾಲ 1 ಸೆಕೆಂಡ್ ಇರುವ ಲೋಲಕವನ್ನು ಭೂಮಿಯ ಮೇಲೂ ಗುರು ಗ್ರಹದ ಮೇಲೂ ಮಾಡಿ’ ಎಂದು ಕೊಟ್ಟು ನೋಡಿ. ಭೂಮಿಯಲ್ಲಿ 0.25 ಮೀಟರ್ ಸಾಕಾದರೆ ಗುರುವಿನಲ್ಲಿ ಸುಮಾರು 0.63 ಬೇಕು, ಯಾಕೆ ಎಂದು ಯೋಚಿಸದೆ ವಿಧಿಯಿಲ್ಲ.

ಇಂಟರ್ನೆಟ್ಟಿನ ಚಿಂತೆ ಬಿಡಿ. ಫೆಟ್‌ನ ಈಗಿನ ಸಿಮ್ಯುಲೇಶನ್‌ಗಳು ಎಚ್‌ಟಿಎಂಎಲ್5ರಲ್ಲಿವೆ. ಒಂದೊಂದನ್ನೂ ಒಂದೇ ಫೈಲಾಗಿ ಇಳಿಸಿಕೊಂಡು ಪೆನ್‌ಡ್ರೈವಿನಲ್ಲಿ ಇಟ್ಟರೆ ಯಾವ ಬ್ರೌಸರ್‌ನಲ್ಲಾದರೂ ತೆರೆಯುತ್ತದೆ. ಕೆಲವು ಕನ್ನಡದಲ್ಲೂ ಇವೆ. ಜಿಯೋಜೀಬ್ರಾವನ್ನು ಲ್ಯಾಪ್‌ಟಾಪಿಗೇ ಇನ್‌ಸ್ಟಾಲ್ ಮಾಡಿ. ಫ್ಲ್ಯಾಶ್‌ನಲ್ಲಿ ಮಾಡಿದ ಹಳೆಯ ಸಿಮ್ಯುಲೇಶನ್‌ಗಳ ಹಿಂದೆ ಬೀಳಬೇಡಿ, 2020ರ ಕೊನೆಗೆ ಫ್ಲ್ಯಾಶ್‌ಗೆ ಬೆಂಬಲ ನಿಂತಿದೆ. ಹಿಂದಿನ ದಿನವೇ ಅದೇ ಪ್ರೊಜೆಕ್ಟರಿಗೆ ಜೋಡಿಸಿ, ಕೊನೆಯ ಬೆಂಚಿನಲ್ಲಿ ಕೂತು ಅಂಕಿಗಳು ಓದಲು ಬರುತ್ತವೆಯೇ ನೋಡಿ. ಬರದಿದ್ದರೆ ಬ್ರೌಸರ್ ಪೂರ್ಣ ಪರದೆಗೆ ಹಾಕಿ. ಆಗಲೂ ಕಾಣದಿದ್ದರೆ ಮೀಟರ್ ಓದಿ ಹೇಳಲು ಒಬ್ಬರನ್ನು ಮುಂದೆ ನಿಲ್ಲಿಸಿ.

ಇನ್ನು ಪರೀಕ್ಷೆಯ ಮಾತು. ಪಾಠದಲ್ಲಿ ಊಹಿಸಲು ಕಲಿಸಿ, ಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳಿದರೆ ಕಲಿತದ್ದು ನಿಮಗೆ ಕಾಣುವುದಿಲ್ಲ. ಮಂಡಲದ ಚಿತ್ರ ಬರೆದು, ನಾಲ್ಕು ಕಡೆ ಅಮ್ಮೀಟರ್ ಗುರುತು ಹಾಕಿ, ಹೆಚ್ಚಿನಿಂದ ಕಡಿಮೆಗೆ ಜೋಡಿಸಲು ಹೇಳಿ. ಸಮವಾಗಿದ್ದರೆ ಸಮ ಎಂದು ಬರೆಯಲಿ, ಕಾರಣ ಕೊಡಲಿ. ಎರಡು ಮೂರು ವಾರ ಬಿಟ್ಟು, ಬಲ್ಬಿನ ಜಾಗದಲ್ಲಿ ಚಿಕ್ಕ ಮೋಟಾರ್ ಬರೆದು ಅದೇ ಪ್ರಶ್ನೆ ಕೇಳಿ. ಬಲ್ಬಿನಲ್ಲಿ ಸರಿ ಬರೆದು ಮೋಟಾರಿನಲ್ಲಿ ‘ಖರ್ಚಾಗುತ್ತದೆ’ ಎಂದು ಬರೆದವರು ಉತ್ತರವನ್ನು ಬಾಯಿಪಾಠ ಮಾಡಿದ್ದಾರೆ. ಅವರನ್ನು ಮಾತ್ರ ಲ್ಯಾಪ್‌ಟಾಪಿನ ಸುತ್ತ ಕೂರಿಸಿ, ಎರಡು ಅಮ್ಮೀಟರ್ ಇಟ್ಟು, ಸ್ವಿಚ್ ತೆರೆದಿಟ್ಟು, ಮತ್ತೆ ಊಹೆ ಬರೆಸಿ.